ಪೋಸ್ಟಿಂಗ್ ಬಸ್ಸು ಬರದ ಊರಲ್ಲಿ

ಅಕ್ಕನ ಮಗಳು ಕಳೆದ ತಿಂಗಳು ಒಂದು ಎಕ್ಸೆಲ್ ಶೀಟ್ ಕಳಿಸಿದಳು. ಅಮೆರಿಕದ ಹದಿನಾಲ್ಕು ಯೂನಿವರ್ಸಿಟಿಗಳ ಹೆಸರು, ಪ್ರತಿಯೊಂದರ ಮುಂದೆ ರ‍್ಯಾಂಕು, ಫೀಸು, ಎಷ್ಟು ವರ್ಷ, ಆನ್‌ಲೈನಾ ಕ್ಯಾಂಪಸ್ಸಾ ಅನ್ನೋ ವಿವರ. ಚೆನ್ನಾಗಿರೋದಕ್ಕೆ ಹಸಿರು, ದುಬಾರಿಗೆ ಕೆಂಪು. ಕೆಳಗೆ ಒಂದು ಸಾಲು: "ಮಾಮ, ಇದರಲ್ಲಿ ಯಾವುದು ಬೆಸ್ಟ್ ಅಂತ ಹೇಳಿ ಸಾಕು."

ಅವಳು ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಎರಡು ವರ್ಷದಿಂದ ಬೆಂಗಳೂರಿನ ಆಸ್ಪತ್ರೆಯೊಂದರ ಮಕ್ಕಳ ವಾರ್ಡಿನಲ್ಲಿದ್ದಾಳೆ. ನನ್ನ ಹಾಗೆ ಪೀಡಿಯಾಟ್ರಿಕ್ ನರ್ಸ್ ಪ್ರಾಕ್ಟೀಷನರ್ ಆಗಬೇಕು ಅನ್ನೋದು ಆಸೆ. ಶೀಟು ನೋಡಿ ನಗು ಬಂತು. ನಮ್ಮ ಸಿಇಟಿ ಕೌನ್ಸೆಲಿಂಗಿನ ಆಪ್ಷನ್ ಎಂಟ್ರಿಯೇ ಕಣ್ಣ ಮುಂದೆ ಬಂತು. ನಾನೂ ಹಾಗೇ ಮಾಡಿದವನೇ. ಹಿರಿಯೂರಿನಿಂದ ಬಂದು, ಬೆಂಗಳೂರಿನಲ್ಲಿ ಓದಿ, ಹದಿನಾರು ವರ್ಷದ ಹಿಂದೆ ಹ್ಯೂಸ್ಟನ್ನಿಗೆ ಬಂದವನು ಇಲ್ಲಿ ಮೇಲಿನ ಓದಿಗೆ ಹೋಗುವಾಗ ಕೇಳಿದ್ದು ಎರಡೇ: ಸೀಟು ಸಿಗುತ್ತಾ, ಎಷ್ಟಾಗುತ್ತೆ. ಕೇಳಬೇಕಾಗಿದ್ದ ಮೂರನೆಯದು ಅವಳ ಶೀಟಿನಲ್ಲೂ ಇರಲಿಲ್ಲ.

ಅದಕ್ಕೆ ಬರುವ ಮುಂಚೆ ಈ ಕೆಲಸ ಏನು ಅಂತ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮವರಿಗೇ ಇದು ಅರ್ಥವಾಗೋದು ಕಷ್ಟ. ಎರಡು ವರ್ಷದ ಹಿಂದೆ ನಾಗಮಂಗಲದ ಕಡೆಯ ಅಜ್ಜಿಯೊಬ್ಬರು ಮೊಮ್ಮಗುವಿನ ಜೊತೆ ನನ್ನ ಕ್ಲಿನಿಕ್ಕಿಗೆ ಬಂದಿದ್ದರು. ನಾನು ಮಗುವಿನ ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿದೆ, ಕಿವಿ ನೋಡಿದೆ, ನಾಲ್ಕನೇ ತಿಂಗಳ ಲಸಿಕೆ ಬರೆದೆ, ಬಜೆ ತೇಯ್ದು ನೆಕ್ಕಿಸೋದು ಬೇಡ, ವರ್ಷ ತುಂಬೋವರೆಗೆ ಜೇನುತುಪ್ಪವಂತೂ ಬೇಡವೇ ಬೇಡ ಅಂತ ಕನ್ನಡದಲ್ಲೇ ಹೇಳಿದೆ. ಅಜ್ಜಿ ಎಲ್ಲ ಕೇಳಿಸಿಕೊಂಡು, "ಅದೆಲ್ಲಾ ಸರಿ ಕಣಪ್ಪ, ಡಾಕ್ಟ್ರು ಯಾವಾಗ ಬತ್ತಾರೆ?" ಅಂದರು. "ನಾನೇ ಅಜ್ಜಿ ನೋಡೋದು" ಅಂದೆ. "ಹಂಗಾರೆ ನೀನು ಡಾಕ್ಟ್ರಾ?" "ಅಲ್ಲ ಅಜ್ಜಿ, ನರ್ಸು." ಅಜ್ಜಿ ಸೊಸೆಯ ಮುಖ ನೋಡಿದರು. ಆಮೇಲೆ ಮೆಲ್ಲಗೆ, "ಕಾಂಪೌಂಡ್ರು ಅನ್ನು ಮತ್ತೆ."

ಅಜ್ಜಿಯದ್ದು ತಪ್ಪಲ್ಲ. ಪರೀಕ್ಷೆ ಮಾಡಿ, ರೋಗ ಇಂಥದ್ದು ಅಂತ ತೀರ್ಮಾನಿಸಿ, ಔಷಧಿ ಬರೆದುಕೊಡುವ ನರ್ಸು ಅನ್ನೋ ಕಲ್ಪನೆಯೇ ನಮ್ಮ ಜನಕ್ಕೆ ಇಲ್ಲ. ಅಮೆರಿಕದಲ್ಲೂ ಮೊದಲು ಇರಲಿಲ್ಲ. 1965ರಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಲೊರೆಟ್ಟಾ ಫೋರ್ಡ್ ಎಂಬ ಸಾರ್ವಜನಿಕ ಆರೋಗ್ಯ ನರ್ಸ್ ಮತ್ತು ಹೆನ್ರಿ ಸಿಲ್ವರ್ ಎಂಬ ಮಕ್ಕಳ ಡಾಕ್ಟರು ಸೇರಿ ಇದನ್ನು ಶುರುಮಾಡಿದರು. ಹಳ್ಳಿಗಾಡಿನ ಮಕ್ಕಳಿಗೆ ಡಾಕ್ಟರು ಸಿಗುತ್ತಿರಲಿಲ್ಲ, ನರ್ಸುಗಳು ಮಾತ್ರ ಅಲ್ಲಿ ಓಡಾಡುತ್ತಿದ್ದರು. ಓಡಾಡುವವರಿಗೇ ಕಲಿಸಿದರೆ ಆಯಿತಲ್ಲ ಅನ್ನೋದು ಅವರ ಲೆಕ್ಕ. ಇವತ್ತು ಹಲವು ಬಗೆಯ ನರ್ಸ್ ಪ್ರಾಕ್ಟೀಷನರುಗಳಿದ್ದಾರೆ, ಆದರೆ ಮೊಟ್ಟಮೊದಲ ಕೋರ್ಸು ಮಕ್ಕಳದ್ದೇ. ಇದನ್ನು ನಾನು ಸ್ವಲ್ಪ ಜಂಬದಿಂದಲೇ ಹೇಳಿಕೊಳ್ಳುತ್ತೇನೆ. ಫೋರ್ಡ್ 2025ರ ಜನವರಿಯಲ್ಲಿ ತೀರಿಕೊಂಡರು, 104 ವರ್ಷ ಬದುಕಿ.

ನಮ್ಮಲ್ಲಿ ಮಕ್ಕಳ ನರ್ಸು ಮುಂದೆ ಓದಬೇಕೆಂದರೆ ದಾರಿ ಎಂ.ಎಸ್ಸಿ. ನರ್ಸಿಂಗ್. ಬಿ.ಎಸ್ಸಿ. ಆದಮೇಲೆ ಒಂದು ವರ್ಷದ ಅನುಭವ, ಆಮೇಲೆ ಎರಡು ವರ್ಷ, ಚೈಲ್ಡ್ ಹೆಲ್ತ್ ನರ್ಸಿಂಗ್ ವಿಷಯ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿ ಇದನ್ನು ಕಲಿಸುವ ಕಾಲೇಜುಗಳು ಬೇಕಾದಷ್ಟಿವೆ. ನನ್ನ ಜೊತೆ ಓದಿದ ಮೂವರು ಹಾಗೇ ಮಾಡಿದರು. ಮೂವರೂ ಈಗ ಪಾಠ ಮಾಡುತ್ತಿದ್ದಾರೆ. ಒಬ್ಬನಂತೂ ನಮ್ಮ ಬ್ಯಾಚಿನಲ್ಲೇ ಕೈ ಚುರುಕಿನವನು, ಹಾಲುಗೂಸಿನ ಕೈಯಲ್ಲಿ ಯಾರಿಗೂ ಸಿಗದ ನರ ಅವನಿಗೆ ಸಿಗುತ್ತಿತ್ತು. ಈಗ ಲೆಸನ್ ಪ್ಲಾನ್ ಬರೆಯುತ್ತಾನೆ, ಇನ್ಸ್‌ಪೆಕ್ಷನ್ನಿಗೆ ಫೈಲು ಜೋಡಿಸುತ್ತಾನೆ. ಪಾಠ ಹೇಳೋದು ಕೀಳು ಕೆಲಸ ಅಂತಲ್ಲ. ಆದರೆ ಹೆಚ್ಚು ಓದಿದ ನರ್ಸು ಹಾಸಿಗೆಯಿಂದ ದೂರ ಹೋಗಲೇಬೇಕು ಅನ್ನೋ ಏರ್ಪಾಡು ಇದೆಯಲ್ಲ, ಅದು ನನಗೆ ಇವತ್ತಿಗೂ ಒಗ್ಗಿಲ್ಲ. ಭಾರತದಲ್ಲೂ ನರ್ಸ್ ಪ್ರಾಕ್ಟೀಷನರ್ ಕೋರ್ಸುಗಳು ಬಂದಿವೆ, ಕ್ರಿಟಿಕಲ್ ಕೇರಿಗೊಂದು, 2018ರ ಮಾರ್ಗಸೂಚಿಯ ಪ್ರಕಾರ ಹೆರಿಗೆಗೊಂದು. ಮಕ್ಕಳದ್ದು ನಾನು ಬಿಟ್ಟುಬಂದಾಗಲೂ ಇರಲಿಲ್ಲ, ಈಗಲೂ ಅಕ್ಕನ ಮಗಳಿಗೆ ಅಲ್ಲಿ ಅಂಥದ್ದು ಸಿಕ್ಕಿಲ್ಲ. ಅದಕ್ಕೇ ಅವಳ ಕಣ್ಣು ಈ ಕಡೆ.

ಇಲ್ಲಿವರೆಗೆ ಓದಿದವರಿಗೆ ಅಮೆರಿಕದ್ದೇ ಸರಿ ಅನ್ನಿಸಿರಬೇಕು. ಸ್ವಲ್ಪ ತಡೀರಿ.

ನಮ್ಮ ನರ್ಸಿಂಗ್ ಕಾಲೇಜು ಅಂಥ ಹೆಸರುವಾಸಿಯೇನಲ್ಲ, ಸ್ವಂತ ಆಸ್ಪತ್ರೆಯೂ ಇರಲಿಲ್ಲ. ಆದರೆ ಬೆಳಗ್ಗೆ ಏಳಕ್ಕೆ ಹಾಸ್ಟೆಲ್ ಮುಂದೆ ಪೋಸ್ಟಿಂಗ್ ಬಸ್ಸು ಬಂದು ನಿಲ್ಲುತ್ತಿತ್ತು. ಪೋಸ್ಟಿಂಗ್ ಅಂದರೆ ರೋಗಿಗಳ ಪಕ್ಕದಲ್ಲೇ ನಿಂತು ಕೆಲಸ ಕಲಿಯೋದು. ಇಸ್ತ್ರಿ ಮಾಡಿದ ಯೂನಿಫಾರಂ ಹಾಕಿಕೊಂಡು ಹತ್ತಿದರೆ ಸರ್ಕಾರಿ ಆಸ್ಪತ್ರೆಯ ಮಕ್ಕಳ ವಾರ್ಡಿನ ಬಾಗಿಲಿಗೆ ಇಳಿಸುತ್ತಿತ್ತು. ಒಂದು ಮಂಚದ ಸುತ್ತ ನಾವು ಇಪ್ಪತ್ತು ಜನ, ಪಕ್ಕದ ಕಾಲೇಜಿನವರು ಇಪ್ಪತ್ತು ಜನ, ಮಗುವಿಗಿಂತ ಅದರ ತಾಯಿಯೇ ಹೆದರಿ ಅಳುತ್ತಿದ್ದಳು. ಹಾಗಿದ್ದರೂ ಎಲ್ಲಿ ಕಲಿಯಬೇಕು ಅನ್ನೋದು ಕಾಲೇಜಿನ ತಲೆನೋವು, ನಮ್ಮದಲ್ಲ.

ಇಲ್ಲಿ ನಾನು ಸೇರಿದ್ದು ಹೆಸರಿದ್ದ, ರ‍್ಯಾಂಕಿದ್ದ, ಪಾಠವೆಲ್ಲ ಆನ್‌ಲೈನಿನಲ್ಲೇ ನಡೆಯುವ ಮಾಸ್ಟರ್ಸ್ ಕೋರ್ಸು. ಮೊದಲ ವರ್ಷ ರೋಗವಿಜ್ಞಾನ, ಔಷಧಿ, ದೇಹಪರೀಕ್ಷೆ, ಎಲ್ಲ ಸುಸೂತ್ರ. ಎರಡನೇ ವರ್ಷದ ಹೊಸ್ತಿಲಲ್ಲಿ ಒಂದು ಮೇಲ್ ಬಂತು: ನಿಮ್ಮ ಕ್ಲಿನಿಕಲ್ ಗಂಟೆಗಳಿಗೆ, ಅಂದರೆ ನಮ್ಮ ಪೋಸ್ಟಿಂಗಿಗೆ, ಪ್ರಿಸೆಪ್ಟರ್‌ಗಳನ್ನು ನೀವೇ ಗೊತ್ತುಮಾಡಿಕೊಂಡು ಇಂಥ ದಿನಾಂಕದೊಳಗೆ ಫಾರಂ ತುಂಬಿ ಕಳಿಸಿ. ಪ್ರಿಸೆಪ್ಟರ್ ಅಂದರೆ ತನ್ನ ಕ್ಲಿನಿಕ್ಕಿನಲ್ಲಿ ನಮ್ಮನ್ನು ಪಕ್ಕದಲ್ಲಿಟ್ಟುಕೊಂಡು ಕಲಿಸುವ ಡಾಕ್ಟರು ಅಥವಾ ಹಿರಿಯ ನರ್ಸ್ ಪ್ರಾಕ್ಟೀಷನರ್. ಅವರಿಗೆ ಸಂಬಳ ಹೆಚ್ಚಾಗೋದಿಲ್ಲ, ಕೆಲಸ ಮಾತ್ರ ಹೆಚ್ಚು. ಯಾಕೆ ಒಪ್ಪುತ್ತಾರೆ?

ನಲವತ್ತೊಂದು ಕ್ಲಿನಿಕ್ಕಿಗೆ ಫೋನ್ ಮಾಡಿದೆ. ಪಟ್ಟಿ ಇನ್ನೂ ಇಟ್ಟುಕೊಂಡಿದ್ದೇನೆ. ಕೆಲವರು ಈಗಾಗಲೇ ಪಕ್ಕದ ಯೂನಿವರ್ಸಿಟಿಯ ಜೊತೆ ಒಪ್ಪಂದ ಇದೆ ಅಂದರು, ಕೆಲವರು ರೆಸ್ಯೂಮೆ ಕಳಿಸಿ ಅಂತ ಹೇಳಿ ಮರೆತರು. ದುಡ್ಡು ತಗೊಂಡು ಪ್ರಿಸೆಪ್ಟರ್ ಹುಡುಕಿಕೊಡೋ ಕಂಪನಿಗಳೂ ಇವೆ. ಫೀಸು ಕಟ್ಟಿದ್ದು ಸಾಲದು ಅಂತ ಕಲಿಯೋಕೆ ಜಾಗ ಹುಡುಕುವುದಕ್ಕೂ ದಲ್ಲಾಳಿ! ಕೊನೆಗೆ ಊರಾಚೆಯ ಒಂದು ಸಮುದಾಯ ಕ್ಲಿನಿಕ್ಕಿನ ವಯಸ್ಸಾದ ಡಾಕ್ಟರಮ್ಮ ಒಪ್ಪಿದರು. ಅಲ್ಲಿ ಬರುತ್ತಿದ್ದವರಲ್ಲಿ ಹೆಚ್ಚಿನವರು ಸ್ಪ್ಯಾನಿಷ್ ಮಾತಾಡುವ ಕೂಲಿ ಕುಟುಂಬಗಳು. "ತಿಯೆನೆ ಫಿಯೆಬ್ರೆ?" ಅಂತ ಜ್ವರ ಇದೆಯಾ ಕೇಳೋದನ್ನು ಕಲಿತೆ. ಆ ತಾಯಂದಿರ ಜಗ್ಗದ ತಾಳ್ಮೆ, ಮಗುವಿನ ಕೈಗೆ ಕಟ್ಟಿದ ಕೆಂಪು ದಾರ ನೋಡಿದಾಗ ಹಿರಿಯೂರೇ ನೆನಪಾಗುತ್ತಿತ್ತು. ನಾನು ಈ ಕೆಲಸ ಕಲಿತದ್ದು ಆ ಕ್ಲಿನಿಕ್ಕಿನಲ್ಲಿ, ರ‍್ಯಾಂಕು ಕೊಟ್ಟ ಯೂನಿವರ್ಸಿಟಿಯಲ್ಲಿ ಅಲ್ಲ. ಆದರೆ ಅದು ನನ್ನ ಅದೃಷ್ಟ. ನನ್ನ ಜೊತೆಯ ಇಬ್ಬರು ಜಾಗ ಸಿಗದೆ ಒಂದೊಂದು ಸೆಮಿಸ್ಟರ್ ಮನೆಯಲ್ಲಿ ಕೂತರು.

ಅದಕ್ಕೇ ಅಕ್ಕನ ಮಗಳಿಗೆ ಮೊದಲು ಹೇಳಿದ್ದು: ರ‍್ಯಾಂಕಿನ ಕಾಲಂ ಅಳಿಸು, ಆ ಜಾಗದಲ್ಲಿ 'ಪೋಸ್ಟಿಂಗ್ ಯಾರು ಕೊಡಿಸ್ತಾರೆ' ಅಂತ ಬರಿ. ಎಷ್ಟು ಗಂಟೆ ಅಂತಲೂ ಬರಿ. ಹಿಂದೆ ಕನಿಷ್ಠ 500 ಗಂಟೆ ಅನ್ನುತ್ತಿದ್ದರು, 2022ರ ರಾಷ್ಟ್ರೀಯ ಮಾನದಂಡ ಅದನ್ನು 750ಕ್ಕೆ ಏರಿಸಿತು. ವಾರಕ್ಕೆ ಎರಡು ದಿನ, ದಿನಕ್ಕೆ ಎಂಟು ಗಂಟೆ ಅಂದರೆ ಹೆಚ್ಚುಕಮ್ಮಿ 47 ವಾರ. ಅದರ ಜೊತೆಗೆ ಹೊಟ್ಟೆಪಾಡಿನ ನೈಟ್ ಡ್ಯೂಟಿ. ಆ 47 ವಾರ ಯಾವ ಮಕ್ಕಳ ಪಕ್ಕ ಕಳೆಯುತ್ತೀಯ ಅನ್ನೋದೇ ನಿನ್ನ ಡಿಗ್ರಿ.

ಎರಡನೆಯದು ಅವಳಿಗೆ ಹೊಸದು. ಇಲ್ಲಿ ಮಕ್ಕಳ ನರ್ಸ್ ಪ್ರಾಕ್ಟೀಷನರ್ ಅಂದರೆ ಒಂದಲ್ಲ, ಎರಡು. ಪ್ರೈಮರಿ ಕೇರ್ ಮತ್ತು ಅಕ್ಯೂಟ್ ಕೇರ್. ಮೊದಲನೆಯದು ನಾನು ಮಾಡೋದು: 2, 4, 6, 9, 12 ತಿಂಗಳು ಅಂತ ಮಗುವನ್ನು ನೋಡುತ್ತಾ ಹೋಗೋದು, ತೂಕ, ನಡಿಗೆ, ಮಾತು, ಲಸಿಕೆ, ಕಿವಿನೋವು, ಅಸ್ತಮಾ, ತಾಯಿಯ ಮನಸ್ಸು ಸರಿ ಇದೆಯಾ ಅನ್ನೋದನ್ನೂ ಕೇಳೋದು. ನಮ್ಮ ತಾಯಿ ಕಾರ್ಡನ್ನೇ ಹತ್ತುಪಟ್ಟು ಹಿಗ್ಗಿಸಿದ ಹಾಗೆ. ಎರಡನೆಯದು ಆಸ್ಪತ್ರೆಯ ಒಳಗಿನದು, ಐಸಿಯು, ಹೃದಯದ ಆಪರೇಷನ್ ಆದ ಮಕ್ಕಳು. ಕೋರ್ಸು ಬೇರೆ, ಪರೀಕ್ಷೆ ಬೇರೆ. ನನ್ನ ಮಲಯಾಳಿ ಗೆಳತಿಯೊಬ್ಬಳು ಎಂಟು ವರ್ಷ ಮಕ್ಕಳ ಐಸಿಯುನಲ್ಲಿ ದುಡಿದವಳು, ಹತ್ತಿರ ಸಿಕ್ಕಿತು ಅಂತ ಪ್ರೈಮರಿ ಕೇರ್ ಓದಿದಳು. ಮುಗಿಸಿ ತನ್ನ ಐಸಿಯುಗೇ ವಾಪಸ್ ಹೋದರೆ, ಈ ಸರ್ಟಿಫಿಕೇಟಿನಲ್ಲಿ ಇಲ್ಲಿ ಪ್ರಾಕ್ಟೀಷನರ್ ಕೆಲಸ ಕೊಡೋಕಾಗಲ್ಲ ಅಂದರು. ಮತ್ತೆ ಫೀಸು ಕಟ್ಟಿ ಮತ್ತೊಂದು ಸರ್ಟಿಫಿಕೇಟ್ ಮಾಡಿದಳು. ಇಬ್ಬರು ಮಕ್ಕಳನ್ನು ಅತ್ತೆಯ ಹತ್ತಿರ ಬಿಟ್ಟು.

'ಫ್ಯಾಮಿಲಿ ನರ್ಸ್ ಪ್ರಾಕ್ಟೀಷನರ್ ಮಾಡಿಬಿಡು, ಮಕ್ಕಳನ್ನೂ ನೋಡಬಹುದು, ದೊಡ್ಡವರನ್ನೂ ನೋಡಬಹುದು, ಕೆಲಸ ಬೇಗ ಸಿಗುತ್ತೆ' ಅನ್ನೋ ಬುದ್ಧಿವಂತರು ಇಲ್ಲಿನ ಕನ್ನಡ ಸಂಘದ ಪಾಟ್‌ಲಕ್ಕಿನಲ್ಲೂ ಸಿಗುತ್ತಾರೆ. ಕೆಲಸದ ಲೆಕ್ಕದಲ್ಲಿ ಅವರ ಮಾತು ಸುಳ್ಳಲ್ಲ. ಆದರೆ ಅದೇ ಗಂಟೆಗಳು ಮಕ್ಕಳಿಗೆ, ಬಸುರಿಯರಿಗೆ, ಬಿಪಿ-ಶುಗರಿನ ತಾತಂದಿರಿಗೆ ಹಂಚಿಹೋದರೆ ಮಕ್ಕಳ ಪಾಲಿಗೆ ಎಷ್ಟು ಉಳಿಯುತ್ತೆ? ಮಕ್ಕಳೇ ಬೇಕು ಅನ್ನೋಳಿಗೆ ಅದು ಸರಿಯಲ್ಲ ಅಂತಲೇ ನನ್ನ ಅಭಿಪ್ರಾಯ.

ಮಾಸ್ಟರ್ಸ್ ಸಾಕಾ, ಡಾಕ್ಟರೇಟ್ ಬೇಕಾ ಅಂತಲೂ ಕೇಳಿದಳು. ನರ್ಸಿಂಗ್ ಕಾಲೇಜುಗಳ ಸಂಘ 2004ರಲ್ಲೇ, 2015ರ ಹೊತ್ತಿಗೆ ಎಲ್ಲ ಡಾಕ್ಟರೇಟ್ ಆಗಲಿ ಅಂದಿತು. ಆಗಲಿಲ್ಲ. 2018ರಲ್ಲಿ ಇನ್ನೊಂದು ಸಂಘ 2025 ಅಂತ ಗಡುವು ಹಾಕಿತು. ಅದೂ ಕಳೆಯಿತು, ಮಾಸ್ಟರ್ಸ್ ಮಾಡಿದವರು ಪರೀಕ್ಷೆ ಬರೆದು ಕೆಲಸಕ್ಕೆ ಸೇರುತ್ತಲೇ ಇದ್ದಾರೆ. ಸಾಲ ಮಾಡಿ ಬರುವವಳಿಗೆ ಮಾಸ್ಟರ್ಸ್ ಸಾಕು.

ಯಾವ ರಾಜ್ಯ ಅನ್ನೋದನ್ನು ಮಾತ್ರ ಮರೆಯಬಾರದು. ನಮ್ಮ ಟೆಕ್ಸಸ್ಸಿನಲ್ಲಿ ನಾನು ಔಷಧಿ ಬರೆಯಬೇಕಾದರೆ ಡಾಕ್ಟರೊಬ್ಬರ ಜೊತೆ ಲಿಖಿತ ಒಪ್ಪಂದ ಇರಲೇಬೇಕು. ಪಕ್ಕದ ನ್ಯೂ ಮೆಕ್ಸಿಕೊದಲ್ಲಿ ಆ ಕಾಗದ ಬೇಡ. ಆನ್‌ಲೈನ್ ಕೋರ್ಸು ಅಂದಮಾತ್ರಕ್ಕೆ ಎಲ್ಲ ರಾಜ್ಯದವರನ್ನೂ ಸೇರಿಸಿಕೊಳ್ಳುತ್ತಾರೆ ಅಂತಲೂ ಇಲ್ಲ, ನೀನಿರುವ ರಾಜ್ಯದಲ್ಲಿ ಕಲಿಸಲು ಅವರಿಗೆ ಅನುಮತಿ ಇರಬೇಕು.

ಆದರೆ ಅವಳ ಶೀಟಿನ ದೊಡ್ಡ ತಪ್ಪು ಬೇರೆಯೇ. ಅವಳು ಬೆಂಗಳೂರಿನಿಂದ ನೇರವಾಗಿ ಈ ಕೋರ್ಸಿಗೆ ಹಾರಿಬರುವ ಲೆಕ್ಕ ಹಾಕಿದ್ದಳು. ಈ ಕೋರ್ಸುಗಳಿಗೆ ಸಾಮಾನ್ಯವಾಗಿ ಅಮೆರಿಕದ ಆರ್‌ಎನ್, ಅಂದರೆ ರಿಜಿಸ್ಟರ್ಡ್ ನರ್ಸ್ ಲೈಸೆನ್ಸು ಮೊದಲೇ ಕೈಯಲ್ಲಿರಬೇಕು. ಅದಕ್ಕೆ ಎನ್‌ಕ್ಲೆಕ್ಸ್ ಅನ್ನೋ ಲೈಸೆನ್ಸಿನ ಪರೀಕ್ಷೆ ಪಾಸಾಗಬೇಕು, ಇಂಗ್ಲಿಷ್ ಪರೀಕ್ಷೆ ಬರೆಯಬೇಕು, ಓದಿದ ಕಾಲೇಜಿನಿಂದ ಮತ್ತು ರಾಜ್ಯದ ನರ್ಸಿಂಗ್ ಕೌನ್ಸಿಲಿನಿಂದ ಕಾಗದಪತ್ರ ಹೋಗಬೇಕು, ಮಕ್ಕಳ ವಿಭಾಗದಲ್ಲಿ ಎಷ್ಟು ಗಂಟೆ ಪೋಸ್ಟಿಂಗ್ ಆಗಿದೆ ಅನ್ನೋದರ ಸಮೇತ. ನನ್ನ ಕಾಲದಲ್ಲಿ ಆ ಒಂದು ಹಾಳೆಗಾಗಿ ಅಪ್ಪ ಹಿರಿಯೂರಿನಿಂದ ಬೆಂಗಳೂರಿಗೆ ಐದು ಸಲ ಬಸ್ಸು ಹತ್ತಿದ್ದರು. ಸಾಹೇಬ್ರು ರಜ, ಸೀಲು ಬೀರುವಿನಲ್ಲಿ, ಬೀಗದ ಕೈ ಸಾಹೇಬರ ಹತ್ತಿರ. ಸ್ಟೂಡೆಂಟ್ ವೀಸಾದಲ್ಲಿ ಬರುವವರಿಗೆ ಪೂರ್ತಿ ಆನ್‌ಲೈನ್ ಕೋರ್ಸು ನಡೆಯೋದಿಲ್ಲ ಅನ್ನೋದು ಇನ್ನೊಂದು. ಅಂದರೆ ಅವಳು ಹಸಿರು ಬಣ್ಣ ಹಚ್ಚಿದ್ದ ಸಾಲುಗಳೇ ಮೊದಲು ಹೋದವು.

ಇಷ್ಟು ಹೇಳಿದ ಮೇಲೆ ಬೇಜಾರಾಗಿ ಬಿಟ್ಟುಬಿಡುತ್ತಾಳೆ ಅಂದುಕೊಂಡಿದ್ದೆ. ಹತ್ತು ದಿನ ಫೋನಿಲ್ಲ. ಆಮೇಲೆ ಒಂದು ರಾತ್ರಿ, ಅವಳಿಗೆ ರಾತ್ರಿ, ನನಗೆ ಬೆಳಗಿನ ಒಂಬತ್ತೂವರೆ, ಡ್ಯೂಟಿಗೆ ಹೊರಡುವ ಮುಂಚೆ ಫೋನ್ ಮಾಡಿದಳು. ಉಳಿದ ಆರು ಯೂನಿವರ್ಸಿಟಿಗೂ ಮೇಲ್ ಬರೆದು ನನ್ನ ಪ್ರಶ್ನೆಯನ್ನೇ ಕೇಳಿದ್ದಳಂತೆ: ಪ್ರಿಸೆಪ್ಟರನ್ನು ನೀವು ಕೊಡುತ್ತೀರಾ, ನಾವು ಹುಡುಕಬೇಕಾ? ನಾಲ್ಕು ಕಡೆಯಿಂದ ಉತ್ತರ ಬಂದಿದೆ. ಓದಿ ಹೇಳಿದಳು. ಒಂದು ಕಡೆಯವರು ಯಾವ ಕ್ಲಿನಿಕ್ಕು, ಯಾವ ಆಸ್ಪತ್ರೆ, ವಿದ್ಯಾರ್ಥಿಯ ಮನೆಯಿಂದ ಎಷ್ಟು ಮೈಲಿ ಒಳಗೆ ಅಂತ ಬರೆದಿದ್ದಾರೆ. ಮಿಕ್ಕ ಮೂವರು 'ಈ ವಿಷಯದಲ್ಲಿ ವಿದ್ಯಾರ್ಥಿಗಳಿಗೆ ಎಲ್ಲ ಬೆಂಬಲ ನೀಡುತ್ತೇವೆ' ಅಂದಿದ್ದಾರೆ.

"ಬೆಂಬಲ ಅಂದ್ರೆ ನಲವತ್ತೊಂದು ಫೋನು ಅಲ್ವಾ ಮಾಮ?" ಅಂದಳು.

ಹೂಂ ಅಂದೆ. ಆ ಕಡೆ ಕೀಬೋರ್ಡಿನ ಸದ್ದು ಮೂರು ಸಲ ಕೇಳಿಸಿತು. ಎನ್‌ಕ್ಲೆಕ್ಸಿಗೆ ಬೆಂಗಳೂರಿನ ಸೆಂಟರಿನಲ್ಲಿ ಯಾವಾಗ ತಾರೀಖು ಸಿಗುತ್ತೆ ನೋಡಿ ಹೇಳ್ತೀನಿ, ವಾರ್ಡಿಗೆ ತಡವಾಯ್ತು ಅಂತ ಇಟ್ಟುಬಿಟ್ಟಳು.