ಕಾಲುಸಂಕ ವಿಧೇಯಕಕ್ಕೆ ಮೂರನೇ ಬಹುಮಾನ

ಮೇಷ್ಟ್ರು ಫೋನ್ ಮಾಡಿದಾಗ ನಾನು ಕಾಲಿಗೆ ಹತ್ತಿದ ಇಂಬಳ ಕೀಳುತ್ತಾ ಕೂತಿದ್ದೆ. ಸಂಬಳವೂ ಇಲ್ಲದ, ಗಿಂಬಳವೂ ಇಲ್ಲದ ನಮ್ಮಂಥವರಿಗೆ ಮಲೆನಾಡಿನಲ್ಲಿ ಸಿಗುವುದು ಇಂಬಳ ಒಂದೇ. ‘ಮಕ್ಕಳ ಅಣಕು ವಿಧಾನಸಭೆ ಸ್ಪರ್ಧೆ ಇದೆ. ಐದು ಶಾಲೆ ಬರ್ತವೆ. ನೀವು ತೀರ್ಪುಗಾರರು. ಹಾಗೇ ನಮ್ಮ ಮಕ್ಕಳಿಗೆ ಎರಡು ದಿನ ತಾಲೀಮೂ ಮಾಡಿಸಿಬಿಡಿ’ ಅಂದರು.

ತಾಲೀಮು ಮಾಡಿಸಿದವನೇ ತೀರ್ಪು ಕೊಡುವುದು ಸರಿಯಾ ಅಂತ ಕೇಳಿದೆ. ‘ತಮ್ಮ ಸಂಬಳ ತಾವೇ ಜಾಸ್ತಿ ಮಾಡ್ಕೊಳ್ಳೋ ಸದನದ ಅಣಕು ಸರ್ ಇದು, ನೀವೇನು ದೊಡ್ಡ ಮಾತಾಡ್ತೀರಿ’ ಅಂದರು. ಒಪ್ಪಿಕೊಂಡೆ. 300 ರೂಪಾಯಿ ಗೌರವಧನವೂ ಇತ್ತು. ಅದನ್ನು ಮುಚ್ಚಿಡಬಾರದು.

ಶಾಲೆಯ ಹೆಸರು ಬೇಡ. ಆಗುಂಬೆಯಿಂದ ಶಿವಮೊಗ್ಗಕ್ಕೆ ಬರುವ ದಾರಿಯಲ್ಲಿ ಎಲ್ಲೋ ಒಳಗೆ ಇದೆ ಅಂದುಕೊಳ್ಳಿ. ತಗಡಿನ ಮಾಡು. ಎದುರಿಗೆ ಗದ್ದೆ, ಗದ್ದೆಯಾಚೆ ಹಳ್ಳ. ಹಳ್ಳಕ್ಕೆ ಅಡಿಕೆ ಮರ ಕಡಿದು ಹಾಸಿದ ಕಾಲುಸಂಕ. ಪ್ರತಿ ವರ್ಷ ಮಳೆ ಹಿಡಿಯುವ ಮುಂಚೆ ಊರವರೇ ಹಾಕುತ್ತಾರೆ. ಆಷಾಢದಲ್ಲಿ ಒಂದು ಸಲವಾದರೂ ಹಳ್ಳ ಅದನ್ನು ಹೊತ್ತುಕೊಂಡು ಹೋಗುತ್ತದೆ. ಅರ್ಧ ಕ್ಲಾಸಿನ ಮಕ್ಕಳು ಅದರ ಮೇಲೇ ದಾಟಿ ಬರುವವರು.

ಹುದ್ದೆ ಹಂಚುವುದರಲ್ಲೇ ಮೊದಲ ದಿನ ಮುಗಿಯಿತು. ಇದು ಮಾತ್ರ ಥೇಟ್ ಬೆಂಗಳೂರಿನ ಹಾಗೇ ನಡೆಯಿತು. ನಲವತ್ತು ಮಕ್ಕಳು, ನಲವತ್ತು ಜನಕ್ಕೂ ಮಂತ್ರಿಯೇ ಆಗಬೇಕು. ಸದನದ ಶೇ. 15ಕ್ಕಿಂತ ಜಾಸ್ತಿ ಮಂತ್ರಿಗಳು ಇರುವಂತಿಲ್ಲ, ಸಂವಿಧಾನದ 91ನೇ ತಿದ್ದುಪಡಿ ಹಾಗೆ ಹೇಳುತ್ತದೆ, 224 ಜನರ ವಿಧಾನಸಭೆಯಲ್ಲೇ 34 ದಾಟುವಂತಿಲ್ಲ ಅಂತ ಬೋರ್ಡಿನ ಮೇಲೆ ಲೆಕ್ಕ ಮಾಡಿ ತೋರಿಸಿದೆ. ನಮ್ಮ ಪಾಲಿಗೆ ಬಂದಿದ್ದು ಆರು ಮಂತ್ರಿ. ಉಳಿದವರ ಮುಖ ಊದಿಕೊಂಡಿತು. ಮೇಷ್ಟ್ರು ಅನುಭವಸ್ಥರು. ನಿಂತ ಜಾಗದಲ್ಲೇ ಚಾಕ್‌ಪೀಸ್ ನಿಗಮ, ಡಸ್ಟರ್ ಅಭಿವೃದ್ಧಿ ಮಂಡಳಿ, ಬಿಸಿಯೂಟ ಸಾಂಬಾರು ಪ್ರಾಧಿಕಾರ ಅಂತ ಹದಿನಾಲ್ಕು ಹುಟ್ಟಿಸಿ, ಒಂದೊಂದಕ್ಕೂ ಒಬ್ಬ ಅಧ್ಯಕ್ಷನನ್ನು ಮಾಡಿದರು. ಭಿನ್ನಮತ ಅಲ್ಲಿಗೆ ತಣ್ಣಗಾಯಿತು.

‘ಸ್ಪೀಕರ್ ಯಾರು?’ ಅಂದೆ. ಹಿಂದಿನ ಬೆಂಚಿನ ಹುಡುಗ ಎದ್ದು, ‘ನಮ್ಮ ಮಾವಂದು ಡಿಜೆ ಇದೆ ಸರ್, ಎರಡು ಸ್ಪೀಕರ್ ಅವರೇ ತರ್ತಾರೆ’ ಅಂದ. ಆ ಸ್ಪೀಕರ್ ಅಲ್ಲಪ್ಪ ಅಂತ ವಿವರಿಸಿದೆ. ಹಿಂದೆ ಇಂಗ್ಲೆಂಡಿನಲ್ಲಿ ಸದನದ ಮಾತನ್ನು ರಾಜನಿಗೆ ಮುಟ್ಟಿಸುವವನೇ ಸ್ಪೀಕರ್. ರಾಜನಿಗೆ ಬೇಕಾದ ದುಡ್ಡಿಗೆ ಸದನ ಒಪ್ಪಲ್ಲ ಅಂದರೆ ಆ ಸುದ್ದಿಯನ್ನೂ ಅವನೇ ಒಯ್ಯಬೇಕು. 1394ರಿಂದ 1535ರ ನಡುವೆ ಏಳು ಜನ ಸ್ಪೀಕರುಗಳ ತಲೆ ಹೋಯಿತು. ‘ಈಗಲೂ ತೆಗೀತಾರಾ ಸರ್?’ ಅಂತ ಮೂಲೆಯಿಂದ ಒಂದು ಸಣ್ಣ ದನಿ ಬಂತು. ‘ಈಗ ತಲೆ ಹೋಗಲ್ಲ, ತಲೆ ಕೆಡುತ್ತೆ ಅಷ್ಟೆ’ ಅಂದೆ. ಆ ಸಣ್ಣ ದನಿಯ ಹುಡುಗಿಯನ್ನೇ ಸ್ಪೀಕರ್ ಮಾಡಿದೆವು. ಇಡೀ ಶಾಲೆಯಲ್ಲಿ ಕಡಿಮೆ ಮಾತಾಡುವವಳು ಅವಳೇ ಅಂತೆ.

ತನ್ನ ಪಕ್ಷದ ಶಾಸಕರು ಸದನದಿಂದ ಚದುರದ ಹಾಗೆ ನೋಡಿಕೊಳ್ಳುವ ಸಚೇತಕನ ಕೆಲಸ ಹೇಳುವುದು ಕಷ್ಟವಾಯಿತು. ಇಂಗ್ಲಿಷಿನ ವಿಪ್ ಅನ್ನುವ ಮಾತು ನರಿ ಬೇಟೆಯಿಂದ ಬಂದಿದ್ದು. ನಮ್ಮಲ್ಲಿ ಹಂದಿ ಬೇಟೆಗೆ ಹಳು ಸೋವುವಾಗ ನಾಯಿಗಳು ದಿಕ್ಕಾಪಾಲಾಗದ ಹಾಗೆ ಒಬ್ಬ ನೋಡಿಕೊಳ್ಳುತ್ತಿದ್ದನಲ್ಲ, ಅಂಥ ಕೆಲಸ. ಕನ್ನಡದಲ್ಲಿ ಮಾತ್ರ ಮರ್ಯಾದೆಯಾಗಿ ಸಚೇತಕ ಅಂದರು. ಎಚ್ಚರ ಮಾಡುವವನು. ಅದೇನೋ ಸರಿ. ಆದರೆ ಊಟದ ಮೇಲೆ ಶಾಸಕರು ಮನೆಗೆ ಹೋದರೆ ವಾಪಸ್ ಬರುವುದಿಲ್ಲ ಅಂತ 2025ರ ಬಜೆಟ್ ಅಧಿವೇಶನಕ್ಕೆ ಲಾಬಿಯಲ್ಲಿ ಒರಗುಕುರ್ಚಿ ಬಾಡಿಗೆಗೆ ತರಿಸಿದರು. ಒಂದು ಕೈಯಲ್ಲಿ ಮಲಗಿಸುವುದು, ಇನ್ನೊಂದು ಕೈಯಲ್ಲಿ ಎಬ್ಬಿಸುವುದು. ತೊಟ್ಟಿಲು ತೂಗುವವಳಿಗೂ ಇಷ್ಟು ಕೆಲಸ ಇರಲಿಕ್ಕಿಲ್ಲ.

ವಿರೋಧ ಪಕ್ಷದ ನಾಯಕನಿಗೆ ಸಂಪುಟ ದರ್ಜೆ ಇರುತ್ತೆ, ಕಾರು ಇರುತ್ತೆ ಅಂದಾಗ ಒಬ್ಬ ನಂಬಲೇ ಇಲ್ಲ. ‘ಜಗಳ ಆಡೋದಕ್ಕೆ ಸರ್ಕಾರನೇ ಕಾರು ಕೊಡುತ್ತಾ? ತೆರಿಗೆ ದುಡ್ಡಲ್ಲಿ?’ ಕೇಳಲು ತಮಾಷೆಯೇ. ಆದರೆ ನನ್ನ ಮಟ್ಟಿಗೆ ಇದು ಸರಿಯಾದ ಲೆಕ್ಕ. ಖರ್ಚು ಮಾಡುವವನಿಗೆ ಕಾರು ಕೊಟ್ಟ ಮೇಲೆ, ಖರ್ಚಿನ ಚೀಟಿ ಕೇಳುವವನನ್ನು ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲಿಸಬಾರದು. ಚೀಟಿ ಕೇಳುತ್ತಾನಾ ಅನ್ನುವುದು ಬೇರೆ ಮಾತು.

ಎರಡನೇ ದಿನ ತೆರಿಗೆ. ಹಣಕಾಸು ಮಂತ್ರಿಯಾದ ಹುಡುಗಿ ತೆರಿಗೆಯ ಉದ್ದೇಶಗಳನ್ನು ಉಸಿರು ಬಿಡದೆ ಒಪ್ಪಿಸಿದಳು. ಸರ್ಕಾರಕ್ಕೆ ಆದಾಯ, ಬಡವ ಬಲ್ಲಿದರ ಅಂತರ ತಗ್ಗಿಸುವುದು, ದೇಶದ ಬೆಳೆಗೆ ರಕ್ಷಣೆ, ಕೆಟ್ಟ ಚಟಗಳಿಗೆ ಕಡಿವಾಣ. ರಕ್ಷಣೆಯ ಸಂಗತಿ ನಮ್ಮ ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ. ಆಮದು ಅಡಿಕೆಗೆ ಶೇ. 100 ಸುಂಕ, ಕೆಜಿಗೆ 351 ರೂಪಾಯಿಗಿಂತ ಕಡಿಮೆಗೆ ತರುವಂತಿಲ್ಲ ಅನ್ನುವುದು ಜಗಲಿಯಲ್ಲಿ ಆಡುವ ಮಗುವಿಗೂ ಗೊತ್ತು. ಸಿಕ್ಕಿಬಿದ್ದಿದ್ದು ಕಡಿವಾಣದಲ್ಲಿ. 2025-26ರ ರಾಜ್ಯ ಬಜೆಟ್ಟಿನಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ಗುರಿ ಅಂತ ಮೇಷ್ಟ್ರು ಅಂದರು. ಡಸ್ಟರ್ ಮಂಡಳಿ ಅಧ್ಯಕ್ಷ ಕೈ ಎತ್ತಿದ. ‘ಗುರಿ ಅಂದ್ರೆ ಕುಡಿಯೋದು ಬಿಡಿಸೋದಾ ಸರ್, ಕುಡಿಸೋದಾ?’ ಮೇಷ್ಟ್ರು ನನ್ನನ್ನು ನೋಡಿದರು. ನಾನು ಕಿಟಕಿಯಾಚೆ ಮಳೆ ನೋಡಿದೆ.

ಪರೋಟದ ಕಥೆಯನ್ನೂ ಹೇಳಿದೆ, ಸುಮ್ನೆ ಇರಲಾಗದೆ. ಚಪಾತಿಗೆ ಶೇ. 5 ಜಿಎಸ್‌ಟಿ ಇದ್ದ ಕಾಲದಲ್ಲಿ, ಪರೋಟ ಅಂದರೆ ಚಪಾತಿಯಲ್ಲ, ಅದಕ್ಕೆ ಶೇ. 18 ಅಂತ 2020ರಲ್ಲಿ ನಮ್ಮ ರಾಜ್ಯದ ಮುಂಗಡ ತೀರ್ಪಿನ ಪ್ರಾಧಿಕಾರವೇ ಹೇಳಿತ್ತು. 2025ರ ಸೆಪ್ಟೆಂಬರ್ 22ರಿಂದ ಎರಡಕ್ಕೂ ಸೊನ್ನೆ. ಪದರ ಬಿಡಿಸಲು ಐದು ವರ್ಷ ಹಿಡಿಯಿತು. ‘ಅಕ್ಕಿರೊಟ್ಟಿಗೆ ಎಷ್ಟು ಸರ್?’ ಅಂತ ಒಬ್ಬಳು ಕೇಳಿದಳು. ‘ಮೆತ್ತಗೆ ಮಾತಾಡು, ಕೇಳಿಸ್ಕೊಂಡುಬಿಡ್ತಾರೆ’ ಅಂದೆ.

ನನ್ನ ಜೇಬಿನಲ್ಲಿ ಮನೆ ಕಂದಾಯದ ರಸೀದಿ ಇತ್ತು. ಅದನ್ನು ಒಂದು ಸುತ್ತು ಕಳಿಸಿದೆ. ಕಂದಾಯದ ಮೇಲೆ ಆರೋಗ್ಯ ಕರ ಶೇ. 15, ಗ್ರಂಥಾಲಯ ಕರ ಶೇ. 6, ಭಿಕ್ಷುಕರ ಕರ ಶೇ. 3. ಭಿಕ್ಷುಕರ ಕರ ಅನ್ನುವುದನ್ನು ನೋಡಿ ಕ್ಲಾಸಿಗೆ ಕ್ಲಾಸೇ ನಕ್ಕಿತು. ನಗುವುದೇನಿದೆ, 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯ ಪ್ರಕಾರ ಹಾಕಿದ್ದು ಅಂದೆ. ‘ನಿಷೇಧ ಮಾಡಿದ್ಮೇಲೆ ಕರ ಯಾಕೆ?’ ಭಿಕ್ಷುಕರಿಗೆ ಇರಲು ಜಾಗ, ಊಟ, ಕಸುಬು ಕೊಡುವುದಕ್ಕೆ ಅಂದೆ. ಅದನ್ನು ಹೇಳುವಾಗ ಒಂದು ನೆನಪಾಗಿ ನಾಲಿಗೆ ಕಚ್ಚಿಕೊಂಡೆ. ಆ ರಸೀದಿ ಪಡೆಯಲು ನಾನು ಆ ಕಚೇರಿಯ ಕಿಟಕಿಗೆ ಮೂರು ಸಲ ಹೋಗಿ ಕೈಯೊಡ್ಡಿ ನಿಂತಿದ್ದೆ. ನಾಲ್ಕನೇ ಸಲ ಆನ್‌ಲೈನ್ ಮಾಡಿ ಅಂದರು. ಒಟಿಪಿ ಬರಲು ಮನೆ ಹಿಂದಿನ ಗುಡ್ಡ ಹತ್ತಬೇಕು. ಹತ್ತಿದೆ. ಒಟಿಪಿ ಬಂತು. ಅದನ್ನು ಹಾಕಬೇಕಾದ ಕಂಪ್ಯೂಟರ್ ಕೆಳಗೆ ಮನೆಯಲ್ಲಿತ್ತು. ಓಡಿ ಇಳಿಯುವುದರೊಳಗೆ ಅದರ ಆಯಸ್ಸು ಮುಗಿದಿತ್ತು. ಆಮೇಲೆ ಮಗನನ್ನು ಗುಡ್ಡದ ಮೇಲೆ ನಿಲ್ಲಿಸಿ, ಅವನು ಅಂಕಿ ಕೂಗುವುದು, ನಾನು ಒತ್ತುವುದು, ಹೀಗೆ ರಾಜ್ಯದ ಬೊಕ್ಕಸ ತುಂಬಿಸಿದೆವು. ಆರು ಅಂಕಿಗಳಲ್ಲಿ ಒಂಬತ್ತೋ ಎಂಟೋ ಅನ್ನುವುದು ಗಾಳಿಗೆ ಸರಿಯಾಗಿ ಕೇಳಿಸದೆ ಇನ್ನೆರಡು ಸಲ ಕೂಗಿಸಬೇಕಾಯಿತು.

ಮಕ್ಕಳ ವಿಧೇಯಕಕ್ಕೆ ಬರುತ್ತೇನೆ. ಅವರೇ ಬರೆದಿದ್ದರು. ಹಳ್ಳಕ್ಕೆ ಗಟ್ಟಿ ಕಾಲುಸಂಕ ಕಟ್ಟಲು ಮನೆಗೆ ವರ್ಷಕ್ಕೆ 100 ರೂಪಾಯಿ ತೆರಿಗೆ. ಸಂಕ ಆದ ದಿನ ತೆರಿಗೆ ನಿಲ್ಲುತ್ತದೆ. ಎಷ್ಟು ಬಂತು, ಎಷ್ಟು ಖರ್ಚಾಯಿತು ಅನ್ನುವುದನ್ನು ಹಾಲಿನ ಡೈರಿ ಗೋಡೆಯ ಮೇಲೆ ಬರೆಯಬೇಕು. ನಾನು ಕನ್ನಡಕ ಒರೆಸಿ ಮತ್ತೆ ಓದಿದೆ. ನಿಲ್ಲುವ ತೆರಿಗೆ! ನಮ್ಮ ಜಿಲ್ಲೆ ಕಡಿದಾಳ್ ಮಂಜಪ್ಪ, ಬಂಗಾರಪ್ಪ, ಜೆ.ಎಚ್. ಪಟೇಲ್, ಯಡಿಯೂರಪ್ಪ ಅಂತ ನಾಲ್ಕು ಮುಖ್ಯಮಂತ್ರಿಗಳನ್ನು ಕೊಟ್ಟಿದೆ. ಪಟೇಲರ ಚನ್ನಗಿರಿ ಆಮೇಲೆ ದಾವಣಗೆರೆಗೆ ಹೋಯಿತು, ಇರಲಿ, ಲೆಕ್ಕ ನಮ್ಮದೇ. ಸಾಗರದ ಕಾಗೋಡು ತಿಮ್ಮಪ್ಪನವರನ್ನು ಸ್ಪೀಕರ್ ಕುರ್ಚಿಗೆ, ಶಂಕರಮೂರ್ತಿಯವರನ್ನು ಮೇಲ್ಮನೆಯ ಸಭಾಪತಿ ಕುರ್ಚಿಗೆ ಕಳಿಸಿದೆ. ಇಷ್ಟೆಲ್ಲ ಕೊಟ್ಟ ಮೇಲೂ ಸಂಕಕ್ಕೆ ಅಡಿಕೆ ಮರವನ್ನು ನಾವೇ ಕೊಡಬೇಕು.

ಮೇಷ್ಟ್ರಿಗೆ ಚಿಂತೆ ಹತ್ತಿದ್ದು ಬೇರೆ ಕಾರಣಕ್ಕೆ. ವಿರೋಧ ಪಕ್ಷದ ನಾಯಕ ಎದ್ದು ನಿಂತು, ‘ಒಳ್ಳೇ ವಿಧೇಯಕ, ನಮ್ಮ ಬೆಂಬಲ ಇದೆ. ಆದ್ರೆ ಒಂಟಿ ಅಜ್ಜಿಯರ ಮನೆಗೆ 50 ಸಾಕು’ ಅಂದುಬಿಟ್ಟ. ಹಣಕಾಸು ಮಂತ್ರಿ ‘ಆಯ್ತು’ ಅಂದಳು. ಮೇಷ್ಟ್ರು ತಲೆಗೆ ಕೈ ಹೊತ್ತರು. ‘ಅಂಕದ ಹಾಳೆಯಲ್ಲಿ ವಾಸ್ತವಿಕತೆಗೆ 20 ಇದೆ ಸರ್! ಇವು ಹೀಗೆ ಮರ್ಯಾದೆಯಾಗಿ ಮಾತಾಡಿದ್ರೆ ಸೊನ್ನೆ ಬರುತ್ತೆ.’

ಅವರ ಮೊಬೈಲಿನಲ್ಲಿ ಮಾದರಿ ಸಿದ್ಧವಾಗಿತ್ತು. 2025ರ ಮಾರ್ಚ್ 21ರ ವಿಧಾನಸಭೆ. ಮಕ್ಕಳನ್ನು ಸುತ್ತ ಕೂರಿಸಿ ತೋರಿಸಿದರು. ವಿರೋಧ ಪಕ್ಷದವರು ಪೀಠದ ಹತ್ತಿರ ಹತ್ತಿ ಕಾಗದ ಹರಿದು ಎಸೆಯುತ್ತಾರೆ. ಆ ಗಲಾಟೆಯ ನಡುವೆ ಶಾಸಕರ ಸಂಬಳ 40,000ದಿಂದ 80,000ಕ್ಕೆ, ಮುಖ್ಯಮಂತ್ರಿಯದು 75,000ದಿಂದ ಒಂದೂವರೆ ಲಕ್ಷಕ್ಕೆ ಏರಿಸುವ ವಿಧೇಯಕಗಳು ಚರ್ಚೆಯೇ ಇಲ್ಲದೆ ಪಾಸಾಗುತ್ತವೆ. ಅದೇ ದಿನ 18 ಶಾಸಕರು ಆರು ತಿಂಗಳು ಅಮಾನತು. ಮಾರ್ಷಲ್‌ಗಳು ಕೆಲವರನ್ನು ಮದುವೆ ಮನೆಯ ಹಂಡೆಯ ಹಾಗೆ ಹೊತ್ತು ಸಾಗಿಸುತ್ತಾರೆ. ಎರಡು ತಿಂಗಳಿಗೆ ಅಮಾನತು ವಾಪಸ್. ಸಂಬಳ ವಾಪಸ್ ಇಲ್ಲ. ಎಸೆದ ಕಾಗದದ ಚೂರುಗಳಲ್ಲಿ ಒಂದಾದರೂ ಸಂಬಳದ ವಿಧೇಯಕಕ್ಕೆ ಅಡ್ಡ ಬರಲಿಲ್ಲ ನೋಡಿ, ಎಂಥ ಗುರಿ!

‘ಕಾನೂನಿನ ಅಧಿಕಾರ ಇಲ್ಲದೆ ಯಾವ ತೆರಿಗೆಯನ್ನೂ ಹಾಕುವಂತಿಲ್ಲ ಅಂತ ಸಂವಿಧಾನದ 265ನೇ ವಿಧಿ ಇದೆಯಲ್ಲ ಸರ್,’ ಅಂದಳು ಹಣಕಾಸು ಮಂತ್ರಿ. ‘ಅದಕ್ಕೇ ತಾನೇ ಇವರೆಲ್ಲ ಅಲ್ಲಿ ಕೂತಿರೋದು? ಚರ್ಚೆ ಮಾಡ್ದೆ ಹೇಗೆ?’ ಮೇಷ್ಟ್ರು ಅವಳಿಗೆ ಹಳೇ ಪರೀಕ್ಷೆ ಪತ್ರಿಕೆಯ ಕಟ್ಟು ಕೊಟ್ಟು, ಹರಿಯುವ ಅಭ್ಯಾಸ ಮಾಡು ಅಂದರು. ಮೇಲ್ಮನೆ ಏನೂ ಮಾಡಲ್ವಾ ಅಂತ ಇನ್ನೊಬ್ಬ ಕೇಳಿದ. ಹಣದ ವಿಧೇಯಕಕ್ಕೆ ಮೇಲ್ಮನೆ ಅಂದರೆ ಜಗಲಿಯ ಅಜ್ಜ ಇದ್ದ ಹಾಗೆ. ಕೆಳಮನೆಯವರು ಒಂದು ಮಾತು ಕೇಳುತ್ತಾರೆ, 14 ದಿನ ಕಾಯುತ್ತಾರೆ, ಆಮೇಲೆ ತಮ್ಮಿಷ್ಟದಂತೆ ಮಾಡುತ್ತಾರೆ.

ನನಗೆ ಆ ಹೊತ್ತಿನಲ್ಲಿ ಯಾಕೋ ಈಸೂರು ನೆನಪಾಯಿತು. ಇಲ್ಲೇ ಶಿಕಾರಿಪುರದ ಮಗ್ಗುಲಲ್ಲಿ. 1942ರಲ್ಲಿ ಆ ಊರವರು ಕಂದಾಯ ಕೊಡಲ್ಲ ಅಂತ ನಿಂತು, ಚಿಕ್ಕ ಹುಡುಗರನ್ನೇ ತಮ್ಮ ಅಮಲ್ದಾರ, ಸಬ್ ಇನ್ಸ್‌ಪೆಕ್ಟರ್ ಅಂತ ಮಾಡಿಕೊಂಡಿದ್ದರು. ಅದಕ್ಕೆ ಯಾರೂ ಅಣಕು ಅನ್ನಲಿಲ್ಲ. ಮರುವರ್ಷ ಐದು ಜನರನ್ನು ಗಲ್ಲಿಗೆ ಹಾಕಿದರು.

ಸ್ಪರ್ಧೆಯ ದಿನ ನಮಗಿಂತ ಮುಂಚೆ ಬಂದ ಶಾಲೆ ಅಮೋಘವಾಗಿ ಮಾಡಿತು. ನಾಲ್ಕು ನಿಮಿಷಕ್ಕೆ ಮೂರು ವಿಧೇಯಕ ಪಾಸು, ಒಂದು ಬೆಂಚಿನ ಕಾಲು ಮುರಿತ, ಇಬ್ಬರನ್ನು ಹೊತ್ತು ಹಾಕಿದರು. ಪ್ರೇಕ್ಷಕರಲ್ಲಿದ್ದ ಪುಢಾರಿಯೊಬ್ಬರು ಎದ್ದು ನಿಂತು ಚಪ್ಪಾಳೆ ಹೊಡೆದರು.

ನಮ್ಮವರು ಶುರು ಮಾಡುವ ಹೊತ್ತಿಗೆ ಕರೆಂಟು ಹೋಯಿತು. ತಗಡಿನ ಮೇಲೆ ಮಳೆ ಧೋ ಅಂತ ಸುರಿಯಿತು. ಡಿಜೆ ಮಾವನ ಸ್ಪೀಕರ್ ಸತ್ತು ಬಿತ್ತು. ಕೂಗಾಡಿದರೆ ಯಾರಿಗೂ ಕೇಳಿಸುವುದಿಲ್ಲ ಅಂತ ಗೊತ್ತಾಗಿ ಮಕ್ಕಳೆಲ್ಲ ಪೀಠದ ಸುತ್ತ ಒತ್ತಿಕೊಂಡು ಕೂತರು. ಸಣ್ಣ ದನಿಯ ಹುಡುಗಿ ವಿಧೇಯಕ ಓದಿದಳು. ಅಜ್ಜಿಯರ ತಿದ್ದುಪಡಿ ಸೇರಿಸಿದಳು. ಒಬ್ಬೊಬ್ಬರ ಕೈಯನ್ನೂ ಮುಟ್ಟಿ ಎಣಿಸಿದಳು, ಕತ್ತಲಲ್ಲಿ ಕಾಣದೆ. ಪಕ್ಕದಲ್ಲಿ ಮೇಷ್ಟ್ರು ‘ಹರಿರೋ, ಹರಿರೋ’ ಅಂತ ಕೈಸನ್ನೆ ಮಾಡುತ್ತಲೇ ಇದ್ದರು. ಕೊನೆಗೆ ಸಾಂಬಾರು ಪ್ರಾಧಿಕಾರದ ಅಧ್ಯಕ್ಷ, ಮೇಷ್ಟ್ರಿಗೆ ಬೇಜಾರಾಗಬಾರದು ಅಂತ, ತನ್ನ ಪ್ರತಿಯನ್ನು ನೀಟಾಗಿ ಎರಡು ಭಾಗ ಮಾಡಿದ.

ವಾಸ್ತವಿಕತೆಗೆ ನಾನೂ ಸೊನ್ನೆಯೇ ಹಾಕಬೇಕಾಯಿತು. ಮೂರನೇ ಬಹುಮಾನ ಬಂತು.

ಆಮೇಲೆ ನಾವು ಮೂವರು ತೀರ್ಪುಗಾರರು ಹೆಡ್‌ಮಾಸ್ಟರ ಕೋಣೆಯಲ್ಲಿ ಬಾಳೆಕಾಯಿ ಚಿಪ್ಸ್ ತಿನ್ನುತ್ತಾ ಕೂತೆವು. ಮಳೆ, ದೂರದ ದಾರಿ, ಪೆಟ್ರೋಲ್ ರೇಟು, ಎಲ್ಲ ಮಾತಾಯಿತು. ನಿವೃತ್ತ ಮೇಷ್ಟ್ರೊಬ್ಬರು, ‘300 ಅಂದ್ರೆ ಈ ಕಾಲದಲ್ಲಿ...’ ಅಂತ ಅರ್ಧಕ್ಕೆ ನಿಲ್ಲಿಸಿದರು. ಇನ್ನೊಬ್ಬರು ‘600 ಅಂದ್ರೆ ಮರ್ಯಾದೆ’ ಅಂದರು. ನಾನು ಬಾಗಿಲು ಮುಂದೆ ಮಾಡಿ ‘ಹೌದು ಅನ್ನುವವರು?’ ಅಂದೆ. ಮೂರು ಕೈ ಎದ್ದವು. ಚರ್ಚೆ ಆಗಲಿಲ್ಲ. ಕವರಿನಲ್ಲಿ ಉಳಿದಿದ್ದು ಮಕ್ಕಳ ಲಾಡಿನ ದುಡ್ಡು. ಅದರಲ್ಲೇ ಹೊಂದಿಸಿಕೊಂಡೆವು.

ಲಾಡು ಅರ್ಧರ್ಧ ಬಂತು. ಸ್ಪೀಕರ್ ಹುಡುಗಿ ತನ್ನ ಪಾಲನ್ನು ತಮ್ಮನಿಗೆ ಅಂತ ಹರಿದ ವಿಧೇಯಕದ ಕಾಗದದಲ್ಲಿ ಸುತ್ತಿ, ಲಂಗ ಎತ್ತಿಕೊಂಡು, ಕೊಡೆ ಓರೆ ಹಿಡಿದು ಹಳ್ಳದ ಕಡೆ ಹೊರಟಳು. ಸಂಕದ ಒಂದು ಮರ ಆಗಲೇ ನೀರಿಗೆ ಹೋಗಿತ್ತು. ಇನ್ನೊಂದು ಇತ್ತು.