ಚಿಕ್ಕ ಜನರೇಟರ್‌ನಿಂದ ರಾತ್ರೋರಾತ್ರಿ ಫುಲ್ ಚಾರ್ಜ್ ಆಗಲ್ಲ

ಅಮೆರಿಕದ ಕಾಡಿನಲ್ಲಿ ಕ್ಯಾಂಪ್ ಹಾಕಿದವರು ಫೋರ್ಡ್ ಎಫ್-150 ಲೈಟ್ನಿಂಗ್ ಎಂಬ ಎಲೆಕ್ಟ್ರಿಕ್ ಪಿಕಪ್ಪನ್ನು ಕೈಯಲ್ಲಿ ಹಿಡಿದೊಯ್ಯುವ ಜನರೇಟರ್‌ನಿಂದ ಒಂದೇ ರಾತ್ರಿಯಲ್ಲಿ ಪೂರ್ತಿ ಚಾರ್ಜ್ ಮಾಡಬಹುದು ಎಂಬ ಮಾತು ಹರಿದಾಡುತ್ತಿದೆ. ಇದು ತಪ್ಪು.

ಅದರ ದೊಡ್ಡ ಬ್ಯಾಟರಿಗೆ 131 ಯೂನಿಟ್ ಬೇಕು. ಅಲ್ಲಿನ ಜನರೇಟರ್‌ನ 120 ವೋಲ್ಟ್ ಪ್ಲಗ್‌ನಲ್ಲಿ 12 ಆಂಪ್ ಎಳೆದರೆ ಗಂಟೆಗೆ ಸಿಗುವುದು 1.44 ಯೂನಿಟ್ ಮಾತ್ರ. ನೀವೇ ಲೆಕ್ಕ ಹಾಕಿ, 90 ಗಂಟೆಗೂ ಜಾಸ್ತಿ! ಅಷ್ಟೇ ಅಲ್ಲ, ಇಂಥ ಎಷ್ಟೋ ಜನರೇಟರ್‌ಗಳಲ್ಲಿ ನ್ಯೂಟ್ರಲ್‌ಗೂ ಅರ್ತಿಂಗ್‌ಗೂ ಜೋಡಣೆಯೇ ಇರುವುದಿಲ್ಲ. ಆಗ ಅರ್ತಿಂಗ್ ಸರಿಯಿಲ್ಲ ಎಂದು ಚಾರ್ಜರ್ ದೋಷ ತೋರಿಸಿ ನಿಂತುಬಿಡಬಹುದು. ಕಾಡಿನ ಮಧ್ಯೆ ಹೀಗಾದರೆ ನಿಜಕ್ಕೂ ಕಷ್ಟ ಅಲ್ವಾ?

ಜನರೇಟರ್ ಬದಲು ಸೋಲಾರ್ ಬಳಸಿದರೆ ಚಾರ್ಜ್ ಆಗುತ್ತದೆ, ಆದರೆ ನಿಧಾನ. 400 ವ್ಯಾಟ್‌ನ 10 ಪ್ಯಾನೆಲ್‌ಗೆ 5 ಗಂಟೆ ಒಳ್ಳೆ ಬಿಸಿಲು ಬಿದ್ದರೂ ಸುಮಾರು 60 ಕಿ.ಮೀ. ಓಡುವಷ್ಟು ಚಾರ್ಜ್ ಸಿಗುತ್ತದೆ, ಅಷ್ಟೇ.