ಹುಚ್ಚು ಹಡಗು ನನಗೆ ಇಷ್ಟವಾಯಿತು

ಮೂರು ಭಾಗದ ಕಥೆಯಲ್ಲಿ ನಡುವಿನದು ಸಪ್ಪೆ ಅಂತ ಒಂದು ಮಾತಿದೆ. ನಾನೂ ಹಾಗೇ ನಂಬಿದ್ದೆ. ನಿನ್ನೆ ರಾತ್ರಿ ಮುಂಬೈನ ಡೊಂಬಿವಲಿ ಲೋಕಲ್ ರೈಲಿನಲ್ಲಿ ರಾಬಿನ್ ಹಾಬ್ ಅವರ ಫ್ಯಾಂಟಸಿ ಕಾದಂಬರಿ ‘ಮ್ಯಾಡ್ ಶಿಪ್’ ಮುಗಿಸಿದೆ. ಇನ್ನು ಆ ಮಾತನ್ನು ನಾನಂತೂ ಹೇಳುವುದಿಲ್ಲ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಇದು ‘ಲೈವ್‌ಶಿಪ್ ಟ್ರೇಡರ್ಸ್’ ಸರಣಿಯ ಎರಡನೇ ಪುಸ್ತಕ. ಮೊದಲನೆಯದು ‘ಶಿಪ್ ಆಫ್ ಮ್ಯಾಜಿಕ್’, 1998ರಲ್ಲಿ ಬಂದದ್ದು. ಇಲ್ಲಿನ ವ್ಯಾಪಾರಿ ಮನೆತನಗಳು ಒಂದು ಮಾಯದ ಮರದಿಂದ ಹಡಗು ಕಟ್ಟಿಸುತ್ತವೆ. ಅದರ ಸಾಲ ತೀರಿಸುವುದರಲ್ಲೇ ತಲೆಮಾರುಗಳು ಕಳೆಯುತ್ತವೆ. ಮನೆಯ ಮೂರು ತಲೆಮಾರಿನವರು ಅದರ ಡೆಕ್ ಮೇಲೆ ಪ್ರಾಣ ಬಿಟ್ಟ ಮೇಲೆ ಹಡಗು ಎಚ್ಚರವಾಗುತ್ತದೆ. ಮೂತಿಯಲ್ಲಿ ಕೆತ್ತಿದ ಗೊಂಬೆ ಕಣ್ಣು ಬಿಡುತ್ತದೆ, ಮಾತಾಡುತ್ತದೆ.

ಇದು ನನಗೆ ವಿಚಿತ್ರ ಅನ್ನಿಸಲೇ ಇಲ್ಲ. ನಮ್ಮಜ್ಜ ಕುಂದಾಪುರದ ಕಡೆಯಿಂದ ಬೊಂಬಾಯಿಗೆ ಬಂದದ್ದು ಹಡಗಿನಲ್ಲೇ. ಊರಲ್ಲಿ ಮಂಜಿಯ, ಅಂದರೆ ಮರದ ಹಾಯಿಹಡಗಿನ, ಮೂತಿಗೆ ಕುಂಕುಮ ಹಚ್ಚಿ, ಕಾಯಿ ಒಡೆದು, ಹೆಸರು ಹಿಡಿದು ಕರೆದೇ ನೀರಿಗಿಳಿಸುತ್ತಿದ್ದರಂತೆ. ಹಡಗು ಅಂದರೆ ಮನೆಯವಳು, ಅಲ್ವಾ?

ಮೊದಲ ಪುಸ್ತಕದ ಜೀವ ವಿವೇಸಿಯಾ ಎಂಬ ಹಡಗು. ಅವಳು ಸಲ್ಲಬೇಕಾದದ್ದು ಹಡಗಿನ ಒಡೆಯರ ಮನೆಯ ಕಿರಿ ಮಗಳು ಆಲ್ಥಿಯಾಗೆ. ಆದರೆ ಭಾವ ಕೈಲ್ ಅವಳನ್ನು ಗುಲಾಮರನ್ನು ಸಾಗಿಸುವ ಹಡಗಾಗಿ ಮಾಡುತ್ತಾನೆ. ಎರಡನೆಯದರಲ್ಲಿ ನನ್ನ ಮನಸ್ಸು ಪೂರ್ತಿ ಪ್ಯಾರಗಾನ್ ಕಡೆ ಹೋಯಿತು. ಮುಖಕ್ಕೆ ಕೊಡಲಿ ಬಿದ್ದು ಕಣ್ಣೇ ಇಲ್ಲದ ಹಡಗು. ಏರಿದವರನ್ನು ಕೊಂದ ಅಪಶಕುನ ಅಂತ ದಡಕ್ಕೆಳೆದು ಸರಪಳಿ ಹಾಕಿಟ್ಟಿದ್ದಾರೆ. ವರ್ಷಗಟ್ಟಲೆ ಮರಳಲ್ಲಿ ಓರೆಯಾಗಿ ಬಿದ್ದುಕೊಂಡು ಮಗುವಿನ ಹಾಗೆ ಹಟ ಮಾಡುತ್ತಾನೆ, ಹೆದರುತ್ತಾನೆ, ಸುಳ್ಳು ಹೇಳುತ್ತಾನೆ. ಮರ ಕೆತ್ತುವ ಆಂಬರ್, ಕೆಲಸ ಕಳೆದುಕೊಂಡ ಬ್ರಾಷೆನ್, ಹಡಗು ಕಳೆದುಕೊಂಡ ಆಲ್ಥಿಯಾ, ಈ ಮೂವರು ಅವನನ್ನೇ ರಿಪೇರಿ ಮಾಡಿ ಕಡಲಿಗಿಳಿಸಲು ಹೊರಡುತ್ತಾರೆ.

ಆ ರಿಪೇರಿಯ ಪುಟಗಳನ್ನು ಓದುತ್ತಿದ್ದಾಗ ಒಂದು ಭಾನುವಾರ ಮೀನುಗಾರರ ಕೇರಿಯಾದ ವರ್ಸೋವಾ ಕೋಳಿವಾಡಕ್ಕೆ ಹೋದೆ. ಮಳೆಗಾಲದ ಮೀನುಗಾರಿಕೆ ನಿಷೇಧ, ದೋಣಿಗಳೆಲ್ಲ ದಡದಲ್ಲಿದ್ದವು. ಒಬ್ಬರು ಹಲಗೆಯ ಸಂದಿಗೆ ಹತ್ತಿ ನೂಲು ತುರುಕಿ, ಉಳಿಯಿಟ್ಟು ಮೆಲ್ಲಗೆ ಬಡಿಯುತ್ತಿದ್ದರು. ನಾಲ್ಕು ಪೆಟ್ಟು ಹೊಡೆದು ಅಲ್ಲೇ ಅಂಗೈ ಇಟ್ಟು ಸವರಿ ನೋಡುತ್ತಿದ್ದರು. ಜ್ವರ ಬಂದ ಮಗುವಿನ ಹಣೆ ಮುಟ್ಟಿದ ಹಾಗೆ. ಆಂಬರ್ ಪ್ಯಾರಗಾನನ್ನು ಮುಟ್ಟುವುದು ನನಗೆ ಆಮೇಲೆ ಇನ್ನೂ ಜಾಸ್ತಿ ಅರ್ಥವಾಯಿತು.

ಮರಕ್ಕೆ ಆಯುಷ್ಯ ಇದೆ ಅನ್ನುವುದಕ್ಕೆ ನಮ್ಮ ಮುಂಬೈನದೇ ಸಾಕ್ಷಿ ಇದೆ. ಇಲ್ಲಿನ ವಾಡಿಯಾ ಮನೆತನದವರು 1817ರಲ್ಲಿ ಮಲಬಾರ್ ತೇಗದಲ್ಲಿ ಕಟ್ಟಿದ ಟ್ರಿಂಕೋಮಲಿ ಹಡಗು ಈಗಲೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ತೇಲುತ್ತಿದೆ. ಇನ್ನೂರು ವರ್ಷ ದಾಟಿದ ನಮ್ಮ ಕಾಡಿನ ಮರ! ಅದು ಬಾಯಿ ಬಿಟ್ಟರೆ ಏನೇನು ಹೇಳಬಹುದು ಅಂತ ಯೋಚಿಸುತ್ತಲೇ ದಾದರ್ ದಾಟಿದ್ದೆ.

ಸೆಟ್ರಾಪ್ ಎಂಬ ದೊರೆಯ ಅಧ್ಯಾಯಗಳು ನನಗೆ ಎಳೆದ ಹಾಗೆನಿಸಿದವು. ಆದರೆ ಆಲ್ಥಿಯಾಳ ಅಕ್ಕನ ಮಗಳು ಮಾಲ್ಟಾ ಇದ್ದಾಳಲ್ಲ! ಮೊದಲ ಪುಸ್ತಕದಲ್ಲಿ ಕೆನ್ನೆಗೆ ಬಾರಿಸಬೇಕು ಅನ್ನಿಸಿದ್ದ ಹುಡುಗಿ. ಇಲ್ಲಿ ಮನೆಯ ಕಷ್ಟ ತಲೆ ಮೇಲೆ ಬಿದ್ದಾಗ ಅವಳು ಬದಲಾಗುವ ರೀತಿ ನೋಡಬೇಕು. ಯಾರೂ ಬುದ್ಧಿ ಹೇಳಿ ತಿದ್ದುವುದಿಲ್ಲ. ಇಂಥ ಬದಲಾವಣೆಗೆ ಪುಟಗಳು ಬೇಕು, ಸಮಯ ಬೇಕು. ಅದು ನಡುವಿನ ಪುಸ್ತಕಕ್ಕೇ ಸಿಗುವುದು. ಕಡಲ್ಗಳ್ಳ ಕೆನಿಟ್ ಕೂಡ ಹಾಗೆಯೇ. ಅವನು ಗುಲಾಮರನ್ನು ಬಿಡಿಸುವುದು ತನ್ನ ಲಾಭಕ್ಕೆ. ಆದರೂ ಬಿಡುಗಡೆಯಾದವರ ಕಣ್ಣೀರು ನಿಜ. ಅವನನ್ನು ದ್ವೇಷಿಸಲೂ ಆಗದೆ ಮೆಚ್ಚಲೂ ಆಗದೆ ಒದ್ದಾಡಿದೆ.

ಮೂರನೆಯದು, ‘ಶಿಪ್ ಆಫ್ ಡೆಸ್ಟಿನಿ’, ಬ್ಯಾಗಿನಲ್ಲಿದೆ. ನಾಳೆ ಬೆಳಗಿನ 7.40ರ ಗಾಡಿಯಲ್ಲಿ ಶುರು ಮಾಡುತ್ತೇನೆ. ಓದಿದವರು ದಯವಿಟ್ಟು ಪ್ಯಾರಗಾನ್‌ಗೆ ಮುಂದೇನಾಗುತ್ತದೆ ಅಂತ ಮಾತ್ರ ಹೇಳಬೇಡಿ.